ಕಾಣ್ತಿಲ್ಲ ಅಂದ ಮಾತ್ರಕ್ಕೆ

ಯಶವಂತಪುರ
ಅಕ್ಟೋಬರ್ ೨೦೧೯

ಅಮ್ಮನಿಗೆ,

ತೀರ್ಥರೂಪು ಎಂದು ಬರೆಯಬೇಕಿತ್ತು. ಸ್ಕೂಲಿನಲ್ಲಿ ಹಾಗೇ ಕಲಿಸಿದ್ದರು. ಬರೆಯಲು ಹೋದೆ, ಕೈ ಬರಲಿಲ್ಲ. ಅಮ್ಮ ಅಂದಿದ್ದೇನಲ್ಲ, ಅದೇ ಹೆಚ್ಚು.

ಹೋದ ವಾರ ಫೋನ್ ಮಾಡಿ ಬಿಡುಗಡೆ ಪತ್ರ ಬರೆದುಕೊಡು ಎಂದು ಕೇಳಿದೆಯಲ್ಲ, ಇದೇ ಅದು. ನಿನಗೆ ಓದಲು ಬಾರದು. ನಿನ್ನ ತಂಗಿಯ ಮಗಳು ಸರಳಾಳ ಕೈಯಲ್ಲಿ ಓದಿಸುತ್ತೀಯ. ಕರೆಂಟ್ ಬಿಲ್ಲಿನಿಂದ ಹಿಡಿದು ಬ್ಯಾಂಕಿನ ಮೆಸೇಜಿನವರೆಗೆ ನಿನಗೆ ಎಲ್ಲ ಓದಿ ಹೇಳುವವಳು ಅವಳೇ ಎಂದು ನನಗೆ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನೊಬ್ಬಳೇ ಕೇಳಿಸಿಕೊಂಡು ಮುಚ್ಚಿಡುತ್ತೀಯ.

ಸರಳಾ, ನಾನು ನಿನ್ನ ಕಲಾವತಿ ಅಕ್ಕ. ನಿಮ್ಮಮ್ಮ ನನ್ನ ಫೋನ್ ತೆಗೆಯುವುದಿಲ್ಲ, ನಿನ್ನ ನಂಬರನ್ನೂ ಕೊಡುವುದಿಲ್ಲ. ಕಲಾವತಿಗೆ ತಲೆ ಕೆಟ್ಟಿದೆ, ಗಂಡನನ್ನು ಬಿಟ್ಟು ಓಡಿಹೋದಳು ಎಂದು ನಿನಗೆ ಹೇಳಿದ್ದಾರೆ. ಇರಲಿ. ಜೋರಾಗಿ ಓದು, ಒಂದು ಸಾಲನ್ನೂ ಹಾರಿಸಬೇಡ. ಮಧ್ಯೆ ಮಧ್ಯೆ ನಿನ್ನ ದೊಡ್ಡಮ್ಮನ ಮುಖ ನೋಡು. ನಾನು ಬರೆದದ್ದು ಸುಳ್ಳೋ ನಿಜವೋ ಅಲ್ಲೇ ಕಾಣುತ್ತದೆ. ಕಿತ್ತುಕೊಳ್ಳಲು ಬಂದರೆ ಎದ್ದು ಬಾಗಿಲಾಚೆ ನಿಂತು ಓದು. ಬರುವ ಕಾರ್ತೀಕದಲ್ಲಿ ನಿನ್ನ ಕುತ್ತಿಗೆಗೆ ತಾಳಿ ಕಟ್ಟಲಿರುವ ನಿನ್ನ ಸೋದರಮಾವನಿಗೆ, ಅಂದರೆ ನನ್ನ ಗಂಡ ಮುನೀಂದ್ರನಿಗೆ, ಎಚ್‌ಐವಿ ಇದೆ. ನನಗೂ ಇದೆ. ಅವನಿಂದ ಬಂತು.

ನೋಡಿದೆಯಾ ಮುಖ?

ಈಗ ಅಮ್ಮ, ನಿನ್ನ ಮಾತಿಗೆ ಬರುತ್ತೇನೆ. "ರೋಗ ಎಲ್ಲೈತೆ? ಆಸ್ಪತ್ರೆನಾಗೇ ಕಾಣ್ತಿಲ್ಲ ಅಂದವ್ರೆ. ಮುನೇಶ್ವರ ಕಣ್ ಬುಟ್ಟ ಕಣೇ. ಒಂದ್ ವರ್ಸದಿಂದ ಒಂದ್ ಮಾತ್ರೆ ನುಂಗಿಲ್ಲ, ಉಲಿ ಇದ್ದಂಗವ್ನೆ" ಎಂದೆ ಫೋನಿನಲ್ಲಿ. ಕೇಳಿ ನಗು ಬಂತು. ಆ ಒಂದು ಮಾತಿಗೆ ಕುರಿ ಕಡಿದು ಅಮೃತಹಳ್ಳಿಗೆಲ್ಲ ಊಟ ಹಾಕಿದಿರಿ. ರಕ್ತದಲ್ಲಿ ವೈರಸ್ ಕಾಣ್ತಿಲ್ಲ, ಆದರೆ ಮಾತ್ರೆ ಮಾತ್ರ ಬಿಡಬೇಡಿ ಎಂದೇ ಅಲ್ಲಿ ಹೇಳಿರುತ್ತಾರೆ. ನಾನೂ ದಿನಾ ಹಾಗೇ ಹೇಳುವವಳು. ಎಚ್‌ಐವಿ ಮಾತ್ರೆ ಕೊಡುವ ಕೇಂದ್ರವೊಂದರಲ್ಲಿ, ಹೊಸದಾಗಿ ಬಂದು ಅಳುತ್ತಾ ಕೂತವರ ಪಕ್ಕ ಕೂತು ಬಿಡಿಸಿ ಹೇಳುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆಪಾಡು ಏನೆಂದು ನೀನು ಕೇಳಿದವಳಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ಜನ ಮಾತಿನ ಮೊದಲರ್ಧ ಕೇಳುತ್ತಾರೆ, ಉಳಿದರ್ಧ ಹೇಳುವಷ್ಟರಲ್ಲಿ ದೇವರಿಗೆ ಕೈಮುಗಿಯುತ್ತಿರುತ್ತಾರೆ. ನಿನ್ನ ತಮ್ಮನೂ ಅಷ್ಟೇ ಮಾಡಿದ.

ಕಾಣ್ತಿಲ್ಲ ಅಂದ ಮಾತ್ರಕ್ಕೆ ಹೋಯ್ತು ಅಂತಲ್ಲ ಅಮ್ಮ. ಕೆಲವು ಜೀವಕೋಶಗಳ ಒಳಗೆ ಅದು ಸದ್ದಿಲ್ಲದೆ ಮಲಗಿರುತ್ತದೆ. ಬೇರೆಯಾಗಿಯೂ ಮಲಗಿರುವುದಿಲ್ಲ. ಜೀವಕೋಶಕ್ಕೆ ಹುಟ್ಟಿನಿಂದ ಬಂದ ಬರಹ ಒಂದಿರುತ್ತದೆ, ಡಿಎನ್‌ಎ ಅನ್ನುತ್ತಾರೆ. ಅದರೊಳಗೇ ತನ್ನನ್ನು ಸೇರಿಸಿ ಹೊಲಿದುಬಿಟ್ಟಿರುತ್ತದೆ. ಸೀರೆಗೆ ಅದೇ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದರೆ ನಿನಗೆ ಕಾಣುತ್ತದಾ? ಹಾಗೆ. ಮೈ ಅದನ್ನು ತನ್ನದೇ ಅಂದುಕೊಳ್ಳುತ್ತದೆ. ಮಾತ್ರೆಗೂ ಅದು ಸಿಕ್ಕುವುದಿಲ್ಲ, ಯಾಕೆಂದರೆ ಮಾತ್ರೆ ತಡೆಯುವುದು ಎದ್ದು ಮರಿ ಮಾಡುವ ವೈರಸ್ಸನ್ನು, ಮಲಗಿರುವುದನ್ನಲ್ಲ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮಲಗಿದ್ದು ಏಳುತ್ತದೆ. ನಿನ್ನ ಹುಲಿಯ ಮೈಯಲ್ಲಿ ಅದು ಎದ್ದು ಎಷ್ಟೋ ತಿಂಗಳಾಯಿತು. ಮೈ ತುಂಬಿಕೊಂಡಿದೆ ಎಂದು ನೀನು ದೃಷ್ಟಿ ತೆಗೆಯುತ್ತಿದ್ದೀಯ. ಅವನು ಸೊರಗಲು ಇನ್ನೂ ಸಮಯ ಹಿಡಿಯಬಹುದು. ಇನ್ನೊಬ್ಬಳಿಗೆ ದಾಟಿಸಲು ಅಷ್ಟು ಸಮಯ ಬೇಕಿಲ್ಲ.

ಅದು ಮೈಯೊಳಗೆ ಹೇಗೆ ನೆಲೆ ನಿಲ್ಲುತ್ತದೆ ಎಂದು ನಿನಗೆ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ. ನಮ್ಮ ರಕ್ತದಲ್ಲಿ ಕಾವಲಿಗೆಂದೇ ಕಣಗಳಿವೆ. ಅವುಗಳಲ್ಲಿ ಒಂದು ಬಗೆಯದು, ಕಳ್ಳ ಬಂದ ಏಳಿ ಎಂದು ಉಳಿದವನ್ನೆಲ್ಲ ಎಬ್ಬಿಸುವಂಥದು. ಮನೆಗೆ ಹಿರಿಯಳಿದ್ದ ಹಾಗೆ. ಎಚ್‌ಐವಿ ಬೇರೆ ಯಾರ ತಂಟೆಗೂ ಹೋಗದೆ ನೇರವಾಗಿ ಅವಳ ಹತ್ತಿರ ಹೋಗುತ್ತದೆ. ಅವಳೊಳಗೇ ಕೂತು ತನ್ನ ಸಂತಾನ ಬೆಳೆಸುತ್ತದೆ. ಕೂಗಬೇಕಾದವಳೇ ಇಲ್ಲವಾದ ಮೇಲೆ ಉಳಿದವರು ಏಳುವುದೆಲ್ಲಿಂದ? ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು ಎಂದು ನಮ್ಮ ವಾರ್ಡಿನ ಮೆಂಬರನ್ನು ಬಯ್ಯುತ್ತಿದ್ದೆಯಲ್ಲ ನೀನು, ಸರಿಯಾಗಿ ಅದೇ. ನಮ್ಮ ಕೇಂದ್ರದ ಡಾಕ್ಟರಮ್ಮ ಇದನ್ನು ವಿವರಿಸಿದ ದಿನ ನನಗೆ ರಕ್ತಕಣ ಯಾವುದೂ ಕಣ್ಣ ಮುಂದೆ ಬರಲಿಲ್ಲ. ನೀನು ಬಂದೆ.

೨೦೦೮ರಲ್ಲಿ, ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ವರ್ಷ, ಮುನೀಂದ್ರ ಮಾವನಿಗೆ ಟೀಬಿ ಆಯಿತು. ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋದೆ. ಅಜ್ಜಿ ಅವನನ್ನು ಹೆತ್ತು ಕಣ್ಣು ಮುಚ್ಚಿದಾಗ ನಿನಗಿನ್ನೂ ಹದಿನೈದು. ಸೊಂಟದ ಮೇಲೆ ಹೊತ್ತು ಸಾಕಿದವಳು ನೀನು. ಅವನು ನಿನ್ನ ಮೊದಲ ಮಗು, ನಾನು ಎರಡನೆಯದು. ಇದು ತಿಳಿಯದಷ್ಟು ದಡ್ಡಿಯಲ್ಲ ನಾನು. ಟೀಬಿಯ ಜೊತೆ ಇನ್ನೇನಿದೆ ಎಂದು ಅಲ್ಲಿ ನಿನಗೆ ಹೇಳಿದರು. ಅತ್ತಿರುತ್ತೀಯ. ಅತ್ತು, ಮುಖ ತೊಳೆದುಕೊಂಡು, ಮನೆಗೆ ಬಂದು ನನ್ನ ಜಾತಕ ಹೊರಗೆ ತೆಗೆದೆ.

ಅಪ್ಪ ಪಾಪ ಒಂದು ಸಲ ಕೇಳಿದರು, "ಯಾಕಮ್ಮಿ, ನಿನ್ ತಮ್ಮ ಈ ಪಾಟಿ ಬಡವಾಗವ್ನೆ?" ಟೀಬಿ ಇತ್ತು, ವಾಸಿ ಆಯ್ತಲ್ಲ ಎಂದೆ ನೀನು. ಟೀಬಿ ಇದ್ದದ್ದು ನಿಜ, ವಾಸಿಯಾದದ್ದೂ ನಿಜ. ಅಷ್ಟು ಹೇಳಿ ಉಳಿದದ್ದನ್ನು ನುಂಗಿಕೊಂಡೆ. ಈ ವೈರಸ್ಸೂ ಮೈತುಂಬ ಸಕ್ಕರೆ ಬಳಿದುಕೊಂಡು ಓಡಾಡುತ್ತದೆ, ಗೊತ್ತಾ? ಎಲ್ಲಿಂದಲೋ ತಂದ ಸಕ್ಕರೆಯಲ್ಲ, ನಮ್ಮ ಜೀವಕೋಶವೇ ಕೊಟ್ಟದ್ದು. ಕಾವಲಿನವರು ಮುಟ್ಟಿ ನೋಡಿ ನಮ್ಮವರೇ ಬಿಡು ಅಂದುಕೊಳ್ಳುತ್ತಾರೆ. ಅಪ್ಪ ಹಾಗೇ ಅಂದುಕೊಂಡು ಛತ್ರ ಗೊತ್ತು ಮಾಡಲು ಸಹಕಾರನಗರಕ್ಕೆ ಹೋದರು. ಏನೂ ತಿಳಿಯದೆಯೇ ಸತ್ತರು. ಅವರ ಪುಣ್ಯ.

ಇನ್ನೊಂದಿದೆ ಕೇಳು. ರಕ್ತದಲ್ಲಿ ಬಯಲಾಗಿ ತೇಲಿಕೊಂಡು ಹೋದರೆ ಎಚ್‌ಐವಿಗೆ ಭಯ, ಅಲ್ಲಿ ಹಿಡಿಯುವವರು ಕಾಯುತ್ತಿರುತ್ತಾರೆ. ಹಾಗಾಗಿ ಅದು ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿದೆ. ಒಂದು ಜೀವಕೋಶ ಪಕ್ಕದ್ದಕ್ಕೆ ಮೈತಾಗಿಸಿ ಅಂಟಿ ನಿಲ್ಲುತ್ತದೆ. ಅಂಟಿದ ಜಾಗದಲ್ಲೇ ವೈರಸ್ಸು ಗುಂಪು ಗುಂಪಾಗಿ ಇಲ್ಲಿಂದ ಅಲ್ಲಿಗೆ ದಾಟಿಬಿಡುತ್ತದೆ, ಬೀದಿಗೆ ಕಾಲಿಡುವುದೇ ಇಲ್ಲ. ನಮ್ಮಲ್ಲಿ ಹೆಣ್ಣನ್ನು ಸೋದರಮಾವನಿಗೆ ಕೊಡುವುದೂ ಹೀಗೇ. ಇದು ಡಾಕ್ಟರಮ್ಮ ಹೇಳಿದ್ದಲ್ಲ, ನನ್ನ ಮಾತು. ಹೊರಗಿನ ಗಂಡಾಗಿದ್ದರೆ ಅಪ್ಪ ಅವನ ಊರಿಗೆ ಹೋಗಿ ವಿಚಾರಿಸುತ್ತಿದ್ದರು, ಕೆಲಸದ ಕಡೆ ಕೇಳುತ್ತಿದ್ದರು, ಕುಡಿಯುತ್ತಾನಾ, ಕಾಯಿಲೆ ಕಸಾಲೆ ಇದೆಯಾ, ಮುಂಚೆ ಎಲ್ಲಾದರೂ ಸಂಬಂಧ ಇತ್ತಾ ಎಂದು ಮೂಲೆ ಮೂಲೆ ಹುಡುಕುತ್ತಿದ್ದರು. ಮನೆಯಲ್ಲೇ ಬೆಳೆದ ಮಾವನ ಬಗ್ಗೆ ಯಾರು ಯಾರನ್ನು ಕೇಳಬೇಕು? ಹಸೆಮಣೆಯ ಮೇಲೆ ಕೂತಿದ್ದಾಗ ಹೆಂಗಸರೆಲ್ಲ ನನ್ನ ಗಲ್ಲ ಹಿಡಿದು ನೀನು ಪುಣ್ಯವಂತೆ ಕಣೇ, ಅತ್ತೆಕಾಟವಿಲ್ಲ, ತವರೂ ಇದೇ ಗಂಡನ ಮನೆಯೂ ಇದೇ ಎಂದರು. ನಾನೂ ನಂಬಿದ್ದೆ. ಹದಿನೆಂಟು ತುಂಬಿತ್ತು ನನಗೆ. ಹೊಸ ಸೀರೆಯ ಸಡಗರವೇ ಸಡಗರ.

ಬಸುರಿಯಾದೆ. ಹೆಲ್ತ್ ಸೆಂಟರಿನಿಂದ ನರ್ಸಮ್ಮ ಮನೆಗೇ ಬಂದು ರಕ್ತ ಪರೀಕ್ಷೆಗೆ ಕರೆದರೆ ನೀನು ನನ್ನನ್ನು ಒಳಗೆ ಕೂರಿಸಿ, ಪುಟ್ಟೇನಹಳ್ಳಿಗೆ ಚಿಕ್ಕಮ್ಮನ ಮನೆಗೆ ಹೋಗವ್ಳೆ ಎಂದು ಬಾಗಿಲಿಂದಲೇ ಕಳಿಸಿದೆ. ಯಾಕಮ್ಮ ಎಂದು ಕೇಳಿದೆ. "ಬಸ್ರಿ ಎಂಗಸ್ರು ರಕ್ತ ತೆಗುಸ್ಬಾರ್ದು, ಕೂಸು ಬಿಳಚ್ಕೋತದೆ" ಎಂದೆ ನೀನು. ಅಮ್ಮ ಹೇಳಿದ ಮೇಲೆ ಮುಗಿಯಿತು. ಹೆರಿಗೆಯೂ ಮನೆಯಲ್ಲೇ ಆಯಿತು. ನನ್ನನ್ನು ಹೆತ್ತದ್ದೂ ಇದೇ ಕೋಣೆಯಲ್ಲಿ ಎಂದು ನೀನು ಹೆಮ್ಮೆಯಿಂದ ಹೇಳಿಕೊಂಡೆ. ಬೆಳ್ಳಗೆ, ತಲೆತುಂಬ ಕೂದಲಿದ್ದ ಪುಟ್ಟಿ. ಐದಾರು ತಿಂಗಳಿಗೇ ಕೆಮ್ಮು, ಭೇದಿ, ಬಾಯೊಳಗೆ ಬಿಳಿ ಹುಣ್ಣು. ನೀನು ದೃಷ್ಟಿ ಎಂದೆ, ತಾಯಿತ ಕಟ್ಟಿಸಿದೆ. ಉಸಿರು ಎಳೆಯತೊಡಗಿದ ಮೇಲೆ ನಾನು ನಿನ್ನ ಮಾತು ಮೀರಿ ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಮಗುವಿನ ರಕ್ತ ನೋಡಿದವರು ನನ್ನ ಮತ್ತು ಮಾವನ ರಕ್ತವನ್ನೂ ನೋಡಿದರು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ಕೇಳಿದರು, "ಮುಂಚೆ ಗೊತ್ತಿತ್ತೇನ್ರೀ ಯಾರಿಗಾದ್ರೂ? ಬಸುರಿ ಇದ್ದಾಗ್ಲೇ ಬಂದಿದ್ರೆ ಮಗೂಗೆ ಬರ್ದಂಗೆ ತಡಿಯೋಕೆ ನೋಡ್ತಿದ್ವಲ್ಲ. ಹೆರಿಗೇಲೂ ಬರುತ್ತೆ, ಎದೆಹಾಲಲ್ಲೂ ಬರುತ್ತೆ ಇದು." ಮಾವ ತಲೆ ಎತ್ತಲಿಲ್ಲ. "ಅಕ್ಕನ್ ಕೇಳಿ" ಎಂದ. ನಾನು ನಿನ್ನ ಕಡೆ ತಿರುಗಿದೆ. ನೀನು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ನೋಡುತ್ತಿದ್ದೆ. ನನಗೆ ಎಲ್ಲ ತಿಳಿದದ್ದು ಆ ಗೋಡೆಯಿಂದಲೇ.

ಮನೆಗೆ ಬಂದ ಮೇಲೆ ನಿನ್ನ ಕಾಲು ಹಿಡಿದುಕೊಂಡು ಕೇಳಿದೆ, ಯಾಕಮ್ಮ ಹಿಂಗೆ ಮಾಡಿದೆ ಎಂದು. ನೀನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಸರಳಾ, ನಿಧಾನವಾಗಿ ಓದು: "ಒರಗಿನ್ ಎಣ್ ತಂದ್ರೆ ಊರೆಲ್ಲಾ ಸಾರ್ಕೊಂಡು ಒಂಟೋಗ್ತಾಳೆ. ನೀನಾದ್ರೆ ನಮ್ ರಕ್ತ, ಸುಮ್ಕಿರ್ತೀಯ."

ನಮ್ಮ ರಕ್ತ. ಎಚ್‌ಐವಿಗೆ ಬಾಯಿ ಬಂದಿದ್ದರೆ ಅದೂ ಇದನ್ನೇ ಹೇಳುತ್ತಿತ್ತು.

ಅಲ್ಲಿಂದ ನನಗೆ ಬೇರೆ ತಟ್ಟೆ, ಬೇರೆ ಲೋಟ, ಬಚ್ಚಲ ಪಕ್ಕದಲ್ಲಿ ಹಾಸಿಗೆ. ಮಾವ ಮಾತ್ರ ನಿನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ. ಅವನ ತಟ್ಟೆಯಲ್ಲಿ ಉಳಿದ ಮುದ್ದೆಯ ಚೂರನ್ನು ನೀನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಊಟದಿಂದ ಈ ರೋಗ ಬರುವುದಿಲ್ಲ, ನೀನು ಮಾಡಿದ್ದರಲ್ಲಿ ಸರಿಯಾದದ್ದು ಅದೊಂದೇ. ಆದರೆ ಒಂದೇ ರೋಗಕ್ಕೆ ಎರಡು ತಟ್ಟೆ ಯಾಕಮ್ಮ ಎಂದು ಕೇಳಿದೆ. "ಅವ್ನು ಗಂಡ್ಸು, ಎಲ್ಲೋ ಅಂಟಿಸ್ಕಂಡ. ನೀನು ಎಣ್ಣು" ಎಂದೆ. ಒಂದು ಬೆಳಿಗ್ಗೆ ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು ಹೆಬ್ಬಾಳದ ಬಸ್ಸು ಹತ್ತಿದೆ. ನಾನು ಹೆಬ್ಬಾಳ ತಲುಪಿದೆನೋ ಇಲ್ಲವೋ ಎಂದು ಕೂಡ ಯಾರೂ ಹುಡುಕಲಿಲ್ಲ, ಹುಚ್ಚಿ ಎಂದು ಸಾರಿದ್ದು ಮಾತ್ರ ಬಹಳ ಬೇಗ.

ಹೋಗಲಿ, ಸುಳ್ಳಾದರೂ ಒಂದೇ ಇಟ್ಟುಕೊಂಡೆಯಾ? ಅದೂ ಇಲ್ಲ. ಮೊದಲು ಟೀಬಿ, ಆಮೇಲೆ ದೃಷ್ಟಿ, ಆಮೇಲೆ ಕಲಾವತಿಯ ಹುಚ್ಚು, ಈಗ ಮುನೇಶ್ವರನ ಕೃಪೆ. ವೈರಸ್ಸು ಮರಿ ಹಾಕುವಾಗಲೆಲ್ಲ ಚೂರು ಚೂರು ರೂಪ ಬದಲಿಸುತ್ತದೆ. ಕಾವಲಿನವರು ಹಳೆಯ ಮುಖದವನನ್ನು ಹುಡುಕುತ್ತಿರುವಾಗ ಹೊಸ ಮುಖದವನು ಪಕ್ಕದಲ್ಲೇ ನಡೆದುಹೋಗುತ್ತಾನೆ. ನಿನ್ನಿಂದ ಕಲಿತಿರಬೇಕು ಅದು.

ನಾನು ಬರೆಯುತ್ತಿರುವುದನ್ನು ಮಲ್ಕಾ ಪಕ್ಕದಲ್ಲಿ ಕೂತು ನೋಡುತ್ತಿದ್ದಾಳೆ. ಆರ್.ಟಿ. ನಗರದವಳು, ನನ್ನ ಜೊತೆ ಕೆಲಸ ಮಾಡುತ್ತಾಳೆ, ನನ್ನ ಜೊತೆಯೇ ಇರುತ್ತಾಳೆ. ಅವಳಿಗೂ ಗಂಡನಿಂದಲೇ ಬಂದದ್ದು. "ಅಯ್ಯೋ ಅಲ್ಲಾ, ಅಮ್ಮನ್ಗೆ ಹಿಂಗೆಲ್ಲಾ ಬರೀತಾರೇನೇ ಯಾರಾದ್ರೂ?" ಎಂದಳು. ಆಮೇಲೆ ಹಿಂದಿನ ಹಾಳೆಗಳನ್ನು ಓದಿಸಿಕೊಂಡಳು. ಓದಿ ಮುಗಿಸಿದ ಮೇಲೆ ಎದ್ದು ಚಹಾ ಇಟ್ಟು, "ಬರಿ ಮಾ, ಬರಿ. ಇನ್ನಾ ಖಾರ ಹಾಕು" ಎಂದಳು.

ನಮ್ಮ ಕೆಲಸದಲ್ಲಿ ಇನ್ನೊಬ್ಬರ ರೋಗದ ವಿಷಯ ಬಾಯಿ ಬಿಡುವಂತಿಲ್ಲ. ಕಾನೂನೇ ಇದೆ. ಈ ಕಾಗದದಿಂದ ನನ್ನ ಕೆಲಸ ಹೋದರೂ ಹೋಗಬಹುದು. ಮಾವ ದೂರು ಕೊಡಲಿ, ಪರವಾಗಿಲ್ಲ. ನಾನಿದನ್ನು ಕೇಂದ್ರದವಳಾಗಿ ಹೇಳುತ್ತಿಲ್ಲ, ಅವನು ತಾಳಿ ಕಟ್ಟಿದವಳಾಗಿ ಹೇಳುತ್ತಿದ್ದೇನೆ. ರೋಗವಿದ್ದವರು ಮದುವೆಯಾಗಬಾರದು ಎಂದೂ ನಾನು ಹೇಳುವುದಿಲ್ಲ. ನಮ್ಮ ಕೇಂದ್ರಕ್ಕೆ ಬರುವ ಎಷ್ಟೋ ಜೋಡಿಗಳಲ್ಲಿ ಒಬ್ಬರಿಗೆ ಇದೆ, ಇನ್ನೊಬ್ಬರಿಗಿಲ್ಲ. ತಪ್ಪದೆ ಮಾತ್ರೆ ನುಂಗಿ ವೈರಸ್ಸನ್ನು ಏಳದಂತೆ ಇಟ್ಟುಕೊಂಡವರಿಂದ ಹಾಸಿಗೆಯಲ್ಲಿ ಅದು ದಾಟುವುದಿಲ್ಲ. ಅವರಿಗೆ ಆರೋಗ್ಯವಂತ ಮಕ್ಕಳಿದ್ದಾರೆ. ಅವರೆಲ್ಲ ಮೊದಲು ಬಾಯಿಬಿಟ್ಟು ಹೇಳಿಕೊಂಡವರು, ಅಷ್ಟೇ ವ್ಯತ್ಯಾಸ. ನಿನ್ನ ತಮ್ಮ ಹೇಳಿಯೂ ಇಲ್ಲ, ಮಾತ್ರೆಯೂ ಇಲ್ಲ.

ಸರಳಾ, ಗಂಟಲು ಒಣಗಿದ್ದರೆ ನೀರು ಕುಡಿ. ಈ ಮದುವೆ ಬೇಡ ಎನ್ನಲು ಬಾಯಿ ಬಾರದಿದ್ದರೆ ಒಂದೇ ಮಾತು ಹೇಳು: ತಾಳಿಗೆ ಮುಂಚೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ. ಯಾರು ಮೊದಲು ಕೂಗಾಡುತ್ತಾರೋ ನೋಡು. ನಮ್ಮ ಮಾನ, ನಮ್ಮ ಮನೆತನ, ನಮ್ಮ ರಕ್ತ ಎಂದೆಲ್ಲ ಅಳುತ್ತಾರೆ. ಅತ್ತರೆ ಅಳಲಿ. ನೀನು ಡಿಗ್ರಿ ಮುಗಿಸು. ಮನೆಯಲ್ಲಿ ಇರಲು ಕಷ್ಟವಾದರೆ ಯಶವಂತಪುರ ಮಾರ್ಕೆಟ್ಟಿನ ಹಿಂದೆ ನಮ್ಮ ರೂಮಿದೆ, ಈರುಳ್ಳಿ ವಾಸನೆ ತಡೆದುಕೊಂಡರೆ ಆಯಿತು. ನನ್ನ ನಂಬರು ಕಾಗದದ ಹಿಂದೆ ಬರೆದಿದ್ದೇನೆ, ನಿನ್ನ ಫೋನಿಗೆ ಈಗಲೇ ಹಾಕಿಕೋ. ಆಮೇಲೆ ಈ ಕಾಗದ ನಿನ್ನ ಕೈಯಲ್ಲಿ ಉಳಿಯಲಿಕ್ಕಿಲ್ಲ.

ಅಮ್ಮ, ನಿನ್ನ ತಮ್ಮನನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊ‌ಂಡು ಹೋಗು. ಮಾತ್ರೆ ಮತ್ತೆ ಶುರು ಮಾಡುತ್ತಾರೆ, ಬಯ್ಯುವುದಿಲ್ಲ. ಅವನು ಬದುಕಬೇಕು. ಅವನ ಮೇಲಿನ ಕರುಣೆಯಿಂದ ಹೇಳುತ್ತಿಲ್ಲ. ಅವನು ಸತ್ತರೆ ತಬ್ಬಲಿ ತಮ್ಮನನ್ನು ಕಳೆದುಕೊಂಡ ಅಕ್ಕ ನೀನಾಗುತ್ತೀಯ, ಊರವರೆಲ್ಲ ಬಂದು ನಿನ್ನ ಕಣ್ಣೊರೆಸುತ್ತಾರೆ. ಆ ಸಮಾಧಾನ ನಿನಗೆ ಸಿಗಬಾರದು.

ಬಿಡುಗಡೆ ಕೇಳಿದ್ದೆಯಲ್ಲ, ಕೊಟ್ಟಿದ್ದೇನೆ. ಅವನು ನನಗೇನೂ ಅಲ್ಲ. ನಿನಗೆ ಕೊಡಲು ಒಂದು ಹಾರೈಕೆ ಮಾತ್ರ ಉಳಿದಿದೆ. ನೂರು ವರ್ಷ ಬಾಳು ಅಮ್ಮ. ಕಣ್ಣು, ಕಿವಿ, ಮಂಡಿ ಎಲ್ಲ ಗಟ್ಟಿಯಿರಲಿ, ಅರಳುಮರಳು ನಿನ್ನ ಹತ್ತಿರ ಸುಳಿಯದಿರಲಿ. ಪುಟ್ಟಿ ಹುಟ್ಟಿದ ಬೆಳಿಗ್ಗೆ ಅವಳಿಗೆ ನೀರೆರೆದು, ಬಟ್ಟೆಯಲ್ಲಿ ಸುತ್ತಿ, ನನ್ನ ರವಿಕೆಯ ಗುಂಡಿ ನೀನೇ ಬಿಚ್ಚಿ, ಎಲ್ಲ ಗೊತ್ತಿದ್ದೂ ಅವಳ ಬಾಯನ್ನು ನಿನ್ನ ಕೈಯಾರೆ ನನ್ನ ಎದೆಗೆ ಇಟ್ಟೆಯಲ್ಲ, "ಕುಡಿ ನನ್ ಕಂದ" ಎಂದೆಯಲ್ಲ, ಅದನ್ನು ಆ ನೂರು ವರ್ಷದಲ್ಲಿ ಒಂದು ದಿನವೂ ಮರೆಯಬೇಡ.

ಇಂತಿ,
ನಿನ್ನ ರಕ್ತ,
ಕಲಾವತಿ